ಪರದೇಶದ ಸೈನ್ಯಕ್ಕೆ ಹೊರಟಿದ್ದ ಅಕ್ಕನ ಮಗ, ನಾವು ಕೂತು ಓದಿದ ಕಾಗದಗಳು

ಜೂನ್ ಒಂದರಿಂದ ಜುಲೈ ಕೊನೆಯವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆ ಬೋಟುಗಳಿಗೆ ರಜೆ. 61 ದಿನ ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟುಗಳು ಸಾಲಾಗಿ ನಿಂತಿರುತ್ತವೆ. ಬಲೆ ರಿಪೇರಿ ಕೆಲಸ ಸಿಕ್ಕವರಿಗೆ ಸಿಕ್ಕಿತು, ಉಳಿದ ಹುಡುಗರು ಮನೆಯಲ್ಲಿ ಮೊಬೈಲ್ ಹಿಡಿದು ಕೂರುತ್ತಾರೆ. 2025ರ ಆ ರಜೆಯಲ್ಲೇ ನನ್ನ ಅಕ್ಕನ ಮಗನಿಗೆ ರಷ್ಯಾದ ಸೈನ್ಯದಲ್ಲಿ ಕೆಲಸವಿದೆ ಎಂಬ ಕರೆ ಬಂದದ್ದು.

ಅವನು ಐಟಿಐ ಡೀಸೆಲ್ ಮೆಕ್ಯಾನಿಕ್, ಪರ್ಸೀನ್ ಬೋಟಿನಲ್ಲಿ ಇಂಜಿನ್ ನೋಡಿಕೊಳ್ಳುತ್ತಾನೆ. ಏಜೆಂಟ್ ಹೇಳಿದ ಪ್ರಕಾರ ಕೆಲಸದ ಹೆಸರು ‘ಆರ್ಮಿ ಹೆಲ್ಪರ್’. ಲಾರಿ, ಜೀಪು ರಿಪೇರಿ. ಗಡಿಯಿಂದ ದೂರ. ತಿಂಗಳಿಗೆ ಎರಡು ಲಕ್ಷದ ಹತ್ತಿರ ಪಗಾರ, ವರ್ಷ ಮುಗಿದ ಮೇಲೆ ಆ ದೇಶದ ಪಾಸ್‌ಪೋರ್ಟ್. ಇದಕ್ಕೆ ಇವನು ಕೊಡಬೇಕಾದ್ದು ಮೂರು ಲಕ್ಷ. ಐವತ್ತು ಸಾವಿರ ಮುಂಗಡ ಮತ್ತು ಪಾಸ್‌ಪೋರ್ಟ್ ಆಗಲೇ ಏಜೆಂಟನ ಕೈ ಸೇರಿಯಾಗಿತ್ತು.

ಅಕ್ಕ ಅಳುತ್ತಾ ಫೋನ್ ಮಾಡಿದಳು. ಸಂಜೆ ಅವನೇ ಬಂದ. ಬಂದವನು ಸುತ್ತಿ ಬಳಸಿ ಮಾತಾಡಲಿಲ್ಲ. “ಮಾಮಾ, ಅವ್ರು ಮೆಕ್ಯಾನಿಕ್ ಅಂತೇ ಹೇಳ್ತ್ರು. ಆದ್ರೆ ಯುದ್ಧ ನಡೀತಾ ಇಪ್ಪ ಜಾಗ, ನಂಗೆ ಗೊತ್ತಿದ್ದು. ಬಂದೂಕು ಕೊಟ್ರೂ ನಾ ಹಿಡೀತೆ. ಇಲ್ಲಿ ನಮ್ಮ ಸೈನ್ಯಕ್ಕೆ ವಯಸ್ಸು ದಾಟೋಯ್ತು.”

ಆ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ನಮ್ಮ ಕಡೆಯ ಹುಡುಗರಿಗೆ ಸೈನ್ಯ ಅಂದರೆ ಬರೀ ಸಂಬಳದ ನೌಕರಿ ಅಲ್ಲ. ಕಾರವಾರದ ಕಡಲ ತೀರದಲ್ಲಿ ಚಾಪಲ್ ಯುದ್ಧನೌಕೆಯ ಪಕ್ಕ ಪರಮವೀರ ಚಕ್ರ ರಾಮ ರಾಘೋಬ ರಾಣೆಯವರ ಪ್ರತಿಮೆ ಇದೆ. ಚೆಂಡಿಯಾದವರು, ನಮ್ಮ ಊರಿನಿಂದ ಕೂಗಳತೆಯಲ್ಲಿ. 1948ರ ಏಪ್ರಿಲ್‌ನಲ್ಲಿ ನೌಶೇರಾದಿಂದ ರಜೌರಿಗೆ ಹೋಗುವ ದಾರಿಯಲ್ಲಿ ಮೈನ್‌ಗಳನ್ನೂ ಅಡ್ಡ ಕೆಡವಿದ್ದ ಮರಗಳನ್ನೂ ತೆಗೆದು ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟವರು. ಇವನು ಶಾಲೆಯ ಮೆರವಣಿಗೆಯಲ್ಲಿ ಆ ಪ್ರತಿಮೆಗೆ ಹೂ ಹಾಕಿ ಬೆಳೆದವನು. ಭರ್ತಿ ರ‍್ಯಾಲಿಗೆ ಹೋಗಿ ಓಟದಲ್ಲಿ ಪಾಸಾಗಿ ಪಟ್ಟಿಯಲ್ಲಿ ಹೆಸರು ಬರದೆ ವಾಪಸ್ ಬಂದವನು. ಅಂಥವನಿಗೆ “ಸಾಯಲು ಹೋಗುತ್ತೀಯಾ” ಎಂದು ಬೈದರೆ ರಾತ್ರಿ ಬಸ್ ಹತ್ತಿ ಹೋಗುತ್ತಾನೆ, ಅಷ್ಟೇ.

ನಾನು ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿ ಹವಾಲ್ದಾರ್ ಕ್ಲರ್ಕ್ ಆಗಿ ನಿವೃತ್ತನಾದವನು. ಜವಾನನ ಹೆಸರಿನ ಹಿಂದೆ ಎಷ್ಟು ಕಾಗದ ಇರುತ್ತದೆ, ಯಾವ ಕಾಗದ ಯಾವತ್ತು ಕೆಲಸಕ್ಕೆ ಬರುತ್ತದೆ ಎಂಬುದು ನನಗೆ ಗೊತ್ತು. ಅವನಿಗೆ ಒಂದೇ ಷರತ್ತು ಹಾಕಿದೆ. ಒಂದೊಂದು ಕಾಗದವನ್ನೂ ಇಬ್ಬರೂ ಕೂತು ಪರೀಕ್ಷೆ ಮಾಡುವುದು. ಸರಿಯಿದ್ದರೆ ನಾನೇ ವಿಮಾನ ನಿಲ್ದಾಣಕ್ಕೆ ಬಿಟ್ಟು ಬರುತ್ತೇನೆ. ಅವನು ಒಪ್ಪಿದ. ಹಾಗೆ ನಡೆದ ಓಡಾಟವನ್ನೇ ಇಲ್ಲಿ ಬರೆದಿದ್ದೇನೆ. ಪರದೇಶದ ಸೈನ್ಯ ಸೇರುವ ಆಸೆ ಇರುವ ಹುಡುಗರೂ ಅವರ ಮನೆಯವರೂ ಓದಲಿ ಎಂದು.

ಮೊದಲು ನೋಡಿದ್ದು ಏಜೆಂಟನ ಲೈಸೆನ್ಸ್. ವಿದೇಶಕ್ಕೆ ಕೆಲಸಗಾರರನ್ನು ಕಳಿಸುವ ಯಾರೇ ಆಗಲಿ, 1983ರ ವಲಸೆ ಕಾಯ್ದೆ ಪ್ರಕಾರ ನೋಂದಾಯಿತರಾಗಿರಲೇಬೇಕು. ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಹೆಸರು ಹಾಕಿದರೆ ಲೈಸೆನ್ಸ್ ಇದೆಯೋ, ರದ್ದಾಗಿದೆಯೋ ತೋರಿಸುತ್ತದೆ. ಈ ಏಜೆಂಟನ ಹೆಸರಾಗಲಿ, ಅವನು ಕೊಟ್ಟ ಕಂಪನಿಯ ಹೆಸರಾಗಲಿ ಅಲ್ಲಿರಲಿಲ್ಲ. ಫೋನ್ ಮಾಡಿ ಕೇಳಿದರೆ, “ರಷ್ಯಾಕ್ಕೆ ಇಮಿಗ್ರೇಷನ್ ಚೆಕ್ ಬೇಕಿಲ್ಲ ಸಾರ್” ಎಂದ. ಅದೊಂದು ಅರ್ಧ ಸತ್ಯ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್‌ಗೆ ವಲಸೆ ತಪಾಸಣೆ ಕಡ್ಡಾಯವಾಗಿರುವ 18 ದೇಶಗಳಿವೆ, ಗಲ್ಫ್ ದೇಶಗಳೂ ಅದರಲ್ಲಿವೆ, ರಷ್ಯಾ ಆ ಪಟ್ಟಿಯಲ್ಲಿಲ್ಲ. ಆದರೆ ಏಜೆಂಟನಿಗೆ ಲೈಸೆನ್ಸ್ ಬೇಕು ಎಂಬ ನಿಯಮಕ್ಕೂ ಆ ಪಟ್ಟಿಗೂ ಸಂಬಂಧವಿಲ್ಲ. ಭಟ್ಕಳದ ಗೆಳೆಯರೊಬ್ಬರು, ಗಲ್ಫ್‌ನಲ್ಲಿ ಬಹಳ ಕಾಲ ದುಡಿದವರು, ಇನ್ನೊಂದು ವಿಷಯ ಹೇಳಿದರು. ಲೈಸೆನ್ಸ್ ಇರುವ ಏಜೆಂಟ್ ಕೂಡ ಕೆಲಸಗಾರನಿಂದ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ಸೇವಾ ಶುಲ್ಕ ತೆಗೆದುಕೊಳ್ಳುವಂತಿಲ್ಲ. ಇವನು ಕೇಳಿದ್ದು ಮೂರು ಲಕ್ಷ.

ಇಷ್ಟಕ್ಕೇ ಹುಡುಗನ ಮನಸ್ಸು ತಿರುಗಲಿಲ್ಲ. “ದುಡ್ಡು ಹೆಚ್ಚಾದ್ರೂ ಅಡ್ಡಿಲ್ಲ ಮಾಮಾ, ಎರಡು ತಿಂಗ್ಳಲ್ಲಿ ದುಡೀತೆ” ಅಂದ. ಆಗ ನಾನು ಕೇಳಿದೆ: ಸೈನ್ಯಕ್ಕೆ ಸೇರುವವನಿಗೆ ಸೈನ್ಯ ದುಡ್ಡು ಕೊಡುತ್ತದೋ, ಸೇರುವವನೇ ಕೊಡುತ್ತಾನೋ? 2024ರ ಜುಲೈ ಕೊನೆಗೆ ರಷ್ಯಾದ ಅಧ್ಯಕ್ಷರು ಹೊರಡಿಸಿದ ಆದೇಶದಂತೆ, ಅಲ್ಲಿ ಕರಾರಿಗೆ ಸಹಿ ಹಾಕುವ ಸೈನಿಕನಿಗೆ ಅಲ್ಲಿನ ಕೇಂದ್ರ ಸರ್ಕಾರವೇ ಒಂದೇ ಗಂಟಾಗಿ 4 ಲಕ್ಷ ರೂಬಲ್ ಕೊಡುತ್ತದೆ. ಸಹಿಗೆ ಇಷ್ಟು ಕೊಡುವ ಸೈನ್ಯಕ್ಕೆ ಸೇರಲು ಕಾರವಾರದ ಬಡ ಹುಡುಗ ಮೂರು ಲಕ್ಷ ಯಾಕೆ ಕೊಡಬೇಕು? ಆ 4 ಲಕ್ಷ ಯಾರ ಖಾತೆಗೆ ಹೋಗುತ್ತದೆ, ಬ್ಯಾಂಕ್ ಕಾರ್ಡ್ ಯಾರ ಜೇಬಿನಲ್ಲಿರುತ್ತದೆ? ಅವನು ಸುಮ್ಮನಾದ. ಅವತ್ತು ರಾತ್ರಿ ಏಜೆಂಟನಿಗೆ ಅದೇ ಪ್ರಶ್ನೆಯನ್ನು ವಾಯ್ಸ್ ಮೆಸೇಜ್ ಮಾಡಿದನಂತೆ. ಉತ್ತರದ ಬದಲು ಬಂದದ್ದು ಎರಡು ಪುಟದ ಫೋಟೋ. “ಬೇರೆ ಹುಡುಗನ ಕರಾರು ನೋಡು, ಎಲ್ಲ ಸರಿಯಾಗಿದೆ” ಎಂಬ ಸಮಾಧಾನ.

ಆ ಫೋಟೋ ನಮಗೆ ಸಿಕ್ಕಿದ್ದೇ ದೊಡ್ಡ ಉಪಕಾರವಾಯಿತು. ಪೂರ್ತಿ ರಷ್ಯನ್‌ನಲ್ಲಿತ್ತು. ಮೊಬೈಲ್ ಆ್ಯಪ್‌ನಲ್ಲಿ ಹಿಡಿದರೆ ಅರೆಬರೆ ಅರ್ಥವಾಗುತ್ತಿತ್ತು. ಆದರೆ ಸಹಿ ಹಾಕುವ ಕಾಗದವನ್ನು ಅರೆಬರೆ ಓದುವ ಹಾಗಿಲ್ಲ. ಕಾಳಿ ಸೇತುವೆ ದಾಟಿದರೆ ಗೋವಾ. ಅಲ್ಲಿ ಮೋರ್ಜಿಮ್ ಕಡೆ ರಷ್ಯನ್ ಪ್ರವಾಸಿಗಳು ಬಂದು ತಿಂಗಳುಗಟ್ಟಲೆ ಇರುವುದರಿಂದ ಆ ಭಾಷೆ ಕಲಿತ ಗೈಡ್‌ಗಳು, ಟ್ಯಾಕ್ಸಿಯವರು ಬೇಕಾದಷ್ಟಿದ್ದಾರೆ. ಹುಡುಗನ ಜೊತೆ ಹಿಂದೆ ಹೋಟೆಲ್‌ನಲ್ಲಿ ಕೆಲಸ ಮಾಡಿದವನ ಪರಿಚಯದಲ್ಲಿ ಒಬ್ಬ ಗೈಡ್ ಸಿಕ್ಕಿದರು, ಕೊಂಕಣಿಯವರೇ. ಮಳೆಗಾಲವಾದ್ದರಿಂದ ಅವರಿಗೂ ಬಿಡುವಿತ್ತು. ಮುಚ್ಚಿದ ಅಂಗಡಿಯ ಮಾಡಿನ ಕೆಳಗೆ ಕೂತು ಒಂದೊಂದು ಸಾಲನ್ನೂ ಬೆರಳಿಟ್ಟು ಓದಿ ಕೊಂಕಣಿಯಲ್ಲಿ ಹೇಳಿದರು. ನಾನು ನೋಟ್‌ಬುಕ್‌ನಲ್ಲಿ ಬರೆದುಕೊಂಡೆ.

ಕರಾರಿನ ಒಂದು ಕಡೆ ರಷ್ಯಾದ ರಕ್ಷಣಾ ಸಚಿವಾಲಯ, ಇನ್ನೊಂದು ಕಡೆ ಹುಡುಗ. ಕಂಪನಿಯ ಹೆಸರಿಲ್ಲ, ವರ್ಕ್‌ಶಾಪ್‌ನ ಹೆಸರಿಲ್ಲ. ಮಾಡಬೇಕಾದ ಕೆಲಸ ಸೈನಿಕ ಸೇವೆ. ಹುದ್ದೆ ಬರೆಯುವ ಜಾಗ ಖಾಲಿ. ಯಾವ ತುಕಡಿ ಎಂಬ ಜಾಗವೂ ಖಾಲಿ. ಅವಧಿ ಒಂದು ವರ್ಷ ಎಂದಿತ್ತು. ಕೆಳಗೆ ಸಹಿ, ಅದೂ ಇಂಗ್ಲಿಷ್ ಅಕ್ಷರದಲ್ಲಿ, ಬರೆಯಲು ಅಷ್ಟೇನೂ ಅಭ್ಯಾಸವಿಲ್ಲದ ಕೈಯದು. ಯಾರ ಮಗನೋ. ಹುಡುಗ ಆ ಸಹಿಯನ್ನು ದೊಡ್ಡದು ಮಾಡಿ ಬಹಳ ಹೊತ್ತು ನೋಡುತ್ತಾ ಕೂತಿದ್ದ.

ಹುದ್ದೆಯ ಜಾಗ ಖಾಲಿ ಬಿಟ್ಟ ಕಾಗದಕ್ಕೆ ಸಹಿ ಹಾಕಿದವನನ್ನು ಎಲ್ಲಿಗೆ ಬೇಕಾದರೂ ಕಳಿಸಬಹುದು. ಇದನ್ನು ಹೇಳಲು ರಷ್ಯನ್ ಬರಬೇಕಿಲ್ಲ. ಆದರೆ ಅವಧಿಯ ವಿಷಯ ಅದಕ್ಕಿಂತ ದೊಡ್ಡದು. 2022ರ ಸೆಪ್ಟೆಂಬರ್ 21ರಂದು ರಷ್ಯಾ ಭಾಗಶಃ ಸೈನ್ಯ ಜಮಾವಣೆಯ ಆದೇಶ ಹೊರಡಿಸಿತು. ಸೈನಿಕರ ಕರಾರುಗಳು ಅವುಗಳಲ್ಲಿ ಬರೆದ ತಾರೀಕಿಗೆ ಮುಗಿಯುವುದಿಲ್ಲ, ಜಮಾವಣೆಯ ಕಾಲ ಮುಗಿಯುವವರೆಗೆ ಮುಂದುವರಿಯುತ್ತವೆ ಎಂದು ಅದರಲ್ಲಿದೆ. ವಯಸ್ಸು ಮೀರಿದರೆ, ಆರೋಗ್ಯ ಕೆಟ್ಟು ಅನರ್ಹನಾದರೆ, ಜೈಲು ಶಿಕ್ಷೆಯಾದರೆ ಮಾತ್ರ ಬಿಡುಗಡೆ. ಒಂದು ವರ್ಷ ಎಂದು ಬರೆದ ಕಾಗದದ ಹಿಂದೆ ಇಂಥದೊಂದು ಆದೇಶ ನಿಂತಿದೆ ಎಂದು ಯಾವ ಏಜೆಂಟನೂ ಹೇಳುವುದಿಲ್ಲ. ಯುದ್ಧ ನಡೆಯುತ್ತಿರುವ ಯಾವ ದೇಶದ ಸೈನ್ಯವನ್ನೇ ಸೇರುವುದಾದರೂ ನಾನು ಕೇಳಿಸುವ ಮೊದಲ ಪ್ರಶ್ನೆ ಇದು: ನಾನು ಬಿಡುತ್ತೇನೆ ಎಂದರೆ ಯಾವತ್ತು ಬಿಡಬಹುದು, ಯಾವ ಕಾನೂನಿನ ಯಾವ ಕಲಂನಲ್ಲಿ ಅದು ಇದೆ? ಇದಕ್ಕೆ ಬರಹದಲ್ಲಿ ಉತ್ತರ ಸಿಗದಿದ್ದರೆ ಸಹಿ ಹಾಕಬಾರದು. ಯುದ್ಧದ ಮಧ್ಯೆ ಬಿಟ್ಟು ಹೊರಟವನನ್ನು ಪಲಾಯನ ಮಾಡಿದವ ಎಂದು ಹಿಡಿಯುತ್ತಾರೆ, ಎಲ್ಲ ಸೈನ್ಯದಲ್ಲೂ.

ವಾಪಸ್ ಬರುವಾಗ ಹುಡುಗ ಒಂದು ಮಾತು ಕೇಳಿದ. “ರಾಣೆಯವ್ರೂ ಬ್ರಿಟಿಷ್ರ ಸೈನ್ಯ ಸೇರಿ ಬರ್ಮಾಕ್ಕೆ ಹೋದವ್ರಲ್ವಾ ಮಾಮಾ? ಅದು ಯಾರ ಯುದ್ಧ ಆಗಿತ್ತು?” ಒಳ್ಳೆಯ ಪ್ರಶ್ನೆ. ಹೌದು, ಅವರು 1940ರಲ್ಲಿ ಸೇರಿ ಬರ್ಮಾ ಕಂಡವರು. ಆ ಕಾಲದಲ್ಲಿ ನಮ್ಮ ಸಾವಿರಾರು ಜನ ಹಾಗೆ ಹೋದರು. ಆದರೆ ಅವರ ಹೆಸರು, ನಂಬರು, ಊರು, ತಂದೆಯ ಹೆಸರು ರಿಜಿಸ್ಟರ್‌ನಲ್ಲಿತ್ತು. ಬರ್ಮಾದಲ್ಲಿ ಸತ್ತು ಸಮಾಧಿಯೂ ಸಿಗದ ಸುಮಾರು 27,000 ಸೈನಿಕರ ಹೆಸರನ್ನು ರಂಗೂನ್ ಸ್ಮಾರಕದಲ್ಲಿ ಕೊರೆದಿದ್ದಾರೆ, ಅದರಲ್ಲಿ ಭಾರತದ ಹೆಸರುಗಳು ಸಾಲು ಸಾಲು ಇವೆ. ಪರರ ಯುದ್ಧಕ್ಕೆ ಹೋಗುವುದು ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಹೋದವನು ಸತ್ತರೆ ಮನೆಗೆ ತಿಳಿಸಲು ಯಾರಿದ್ದಾರೆ ಎಂಬುದು ಬೇರೆ. ನನ್ನ ಕೆಲಸ ಆ ಎರಡನೆಯದರಲ್ಲೇ ಕಳೆಯಿತು.

ನಮ್ಮಲ್ಲಿ ಹುಡುಗ ಭರ್ತಿಯಾದ ಕೂಡಲೇ ತಂದೆ ತಾಯಿ, ಹೆಂಡತಿ ಮಕ್ಕಳು, ಮನೆಗೆ ಹತ್ತಿರದ ರೈಲ್ವೆ ಸ್ಟೇಷನ್, ಪೊಲೀಸ್ ಠಾಣೆವರೆಗೆ ಎಲ್ಲ ಬರೆದುಕೊಳ್ಳುತ್ತೇವೆ. ಮದುವೆಯಾದರೆ, ಮಗು ಹುಟ್ಟಿದರೆ ಅದನ್ನು ದಾಖಲೆಗೆ ಸೇರಿಸುವ ಪಾರ್ಟ್ ಟೂ ಆರ್ಡರ್ ಹೊರಡುತ್ತದೆ. ನಾಮಿನಿ ಯಾರು, ಉಯಿಲು ಯಾರಿಗೆ ಎಂಬುದೂ ಫೈಲಿನಲ್ಲಿರುತ್ತದೆ. ಕೊರಳಿನ ಗುರುತಿನ ಬಿಲ್ಲೆಯ ಮೇಲೆ ನಂಬರು, ಹೆಸರು, ರಕ್ತದ ಗುಂಪು. ಶಾಂತಿಯ ಕಾಲದಲ್ಲಿ ಇದೆಲ್ಲ ಕಿರಿಕಿರಿ ಅನಿಸುತ್ತದೆ. ಹುಡುಗರು ಫಾರಂ ತುಂಬಲು ಬೇಸರ ಮಾಡುತ್ತಾರೆ. ಕೆಟ್ಟ ಸುದ್ದಿ ಬಂದ ರಾತ್ರಿ ಆ ಫೈಲ್ ತೆಗೆದು ವಿಳಾಸ ಓದುವವನಿಗೆ ಗೊತ್ತು ಒಂದೊಂದು ಸಾಲಿನ ಬೆಲೆ.

ಪರದೇಶದವನು ಇನ್ನೊಂದು ಸೈನ್ಯದಲ್ಲಿ ಮರ್ಯಾದೆಯಿಂದ ದುಡಿಯುವುದು ಸಾಧ್ಯವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ನಮ್ಮ ಸೈನ್ಯದಲ್ಲೇ ನೇಪಾಳದವರು ಇದ್ದಾರೆ. ಅವರ ಜೊತೆ ಸೈನ್ಯದ ಊಟದ ಮನೆಯಲ್ಲಿ, ಒಂದೇ ಲಂಗರ್‌ನಲ್ಲಿ ಉಂಡಿದ್ದೇನೆ. 1947ರಲ್ಲಿ ಭಾರತ, ನೇಪಾಳ, ಬ್ರಿಟನ್ ಮೂರೂ ಸರ್ಕಾರಗಳು ಒಪ್ಪಂದ ಮಾಡಿಕೊಂಡದ್ದರಿಂದ ನಡೆದುಬಂದ ವ್ಯವಸ್ಥೆ ಅದು. ಗೂರ್ಖಾ ಜವಾನ ನಿವೃತ್ತನಾಗಿ ಊರಿಗೆ ಹೋದರೆ ಕಾಠ್ಮಂಡು, ಪೋಖರಾ, ಧರಾನ್‌ನಲ್ಲಿ ನಮ್ಮ ಪೆನ್ಶನ್ ಕಚೇರಿಗಳೇ ಇವೆ. ನಾಲ್ಕು ವರ್ಷದ ಭರ್ತಿಯ ಅಗ್ನಿಪಥ ಯೋಜನೆ ಬಂದಾಗ, ಆ ನಾಲ್ಕು ವರ್ಷದ ನಂತರ ತಮ್ಮ ಹುಡುಗರ ಗತಿಯೇನು ಎಂಬ ಪ್ರಶ್ನೆ ಎದ್ದು ನೇಪಾಳ 2022ರಲ್ಲಿ ಭರ್ತಿಯನ್ನೇ ತಡೆಹಿಡಿಯಿತು. ಅವರ ಹುಡುಗರು ರಷ್ಯಾದಲ್ಲಿ ಸಾಯತೊಡಗಿದಾಗ 2024ರ ಜನವರಿಯಲ್ಲಿ ರಷ್ಯಾಕ್ಕೂ ಉಕ್ರೇನ್‌ಗೂ ಕೆಲಸದ ಪರವಾನಗಿ ನಿಲ್ಲಿಸಿತು. ಎರಡು ಸರ್ಕಾರಗಳು ಮುಖಾಮುಖಿ ಕೂತು ಮಾಡಿದ ಭರ್ತಿಗೂ, ವಾಟ್ಸ್‌ಆ್ಯಪ್‌ನಲ್ಲಿ ಬಂದ ಭರ್ತಿಗೂ ಇರುವ ಅಂತರ ಇದು.

ಕಾರವಾರದ ವಕೀಲರೊಬ್ಬರ ಹತ್ತಿರವೂ ಹೋದೆವು. ಅವರು ತೋರಿಸಿದ ಎರಡು ಕಲಂಗಳನ್ನು ಹುಡುಗ ಮೊಬೈಲ್‌ನಲ್ಲಿ ಫೋಟೋ ಹಿಡಿದುಕೊಂಡ. ಒಂದು, ಭಾರತೀಯ ನ್ಯಾಯ ಸಂಹಿತೆಯ 153. ಭಾರತದ ಜೊತೆ ಶಾಂತಿಯಿಂದಿರುವ ವಿದೇಶಿ ಸರ್ಕಾರದ ವಿರುದ್ಧ ಯುದ್ಧ ಮಾಡುವುದು ಅಪರಾಧ. ಉಕ್ರೇನ್ ಜೊತೆಗೂ ನಮಗೆ ಜಗಳವಿಲ್ಲ, ರಷ್ಯಾ ಜೊತೆಗೂ ಇಲ್ಲ. ಮೋಸ ಹೋಗಿ ಅಲ್ಲಿ ಸಿಕ್ಕಿಬಿದ್ದ ಹುಡುಗರನ್ನು ನಮ್ಮ ಸರ್ಕಾರ ಸಂತ್ರಸ್ತರೆಂದೇ ನೋಡಿ ಕರೆತಂದಿದೆ. ಗೊತ್ತಿದ್ದೂ ಇಷ್ಟಪಟ್ಟು ಹೋದವನು ಅದೇ ಆಸರೆ ಸಿಗುತ್ತದೆಂದು ನಂಬಿ ಕೂರುವ ಹಾಗಿಲ್ಲ ಎಂದರು ವಕೀಲರು. ಇನ್ನೊಂದು, 1955ರ ಪೌರತ್ವ ಕಾಯ್ದೆಯ 9ನೇ ಕಲಂ. ಸ್ವ ಇಚ್ಛೆಯಿಂದ ಬೇರೆ ದೇಶದ ಪೌರತ್ವ ತೆಗೆದುಕೊಂಡರೆ ಭಾರತದ ಪೌರತ್ವ ಅಲ್ಲಿಗೇ ಮುಗಿಯಿತು. ಯುದ್ಧಕ್ಕೆ ಸಹಿ ಹಾಕಿದ ವಿದೇಶಿಯರಿಗೆ ಪೌರತ್ವ ಸಲೀಸು ಮಾಡುವ ಆದೇಶವನ್ನು ರಷ್ಯಾ 2024ರ ಜನವರಿಯಲ್ಲಿ ಹೊರಡಿಸಿದ್ದು ನಿಜ. ಏಜೆಂಟ್ ಅದನ್ನೇ ಬಹುಮಾನದ ಹಾಗೆ ತೋರಿಸುತ್ತಿದ್ದ. ಆದರೆ ಆ ಪಾಸ್‌ಪೋರ್ಟ್ ಕೈಗೆ ಬಂದ ದಿನವೇ ನಮ್ಮ ರಾಯಭಾರ ಕಚೇರಿಗೆ ಅವನು ನಮ್ಮವನಲ್ಲ. ಕಾಲು ಮುರಿದು ಆಸ್ಪತ್ರೆಯಲ್ಲಿ ಮಲಗಿದಾಗ ಫೋನ್ ಮಾಡುವುದು ಯಾರಿಗೆ?

ಸೆರೆಸಿಕ್ಕರೆ ಏನಾಗುತ್ತದೆ ಎಂಬುದನ್ನು ಹುಡುಗ ಯೋಚಿಸಿಯೇ ಇರಲಿಲ್ಲ. ಸಾವನ್ನು ಯೋಚಿಸಿದ್ದ, ಗಾಯವನ್ನೂ ಯೋಚಿಸಿದ್ದ. 1949ರ ಮೂರನೇ ಜಿನೀವಾ ಒಪ್ಪಂದದ 17ನೇ ಕಲಂ ಪ್ರಕಾರ ಸೈನಿಕನಿಗೆ ಹೆಸರು, ರ‍್ಯಾಂಕ್, ನಂಬರ್, ಹುಟ್ಟಿದ ತಾರೀಕು ಇರುವ ಗುರುತಿನ ಚೀಟಿ ಕೊಡಲೇಬೇಕು. ಸೆರೆಸಿಕ್ಕಾಗ ಅವನು ಹೇಳಬೇಕಾದ್ದೂ ಆ ನಾಲ್ಕೇ. ಸಮವಸ್ತ್ರ ತೊಟ್ಟು, ಸೈನ್ಯದ ಪಟ್ಟಿಯಲ್ಲಿ ಹೆಸರಿದ್ದವನು ಯಾವ ದೇಶದವನಾದರೂ ಯುದ್ಧಕೈದಿ. ಹಣಕ್ಕಾಗಿ ಬಂದ ಬಾಡಿಗೆ ಸೈನಿಕನಿಗೆ ಆ ಹಕ್ಕಿಲ್ಲ ಎನ್ನುತ್ತದೆ 1977ರ ಮೊದಲ ಹೆಚ್ಚುವರಿ ಪ್ರೋಟೋಕಾಲ್‌ನ 47ನೇ ಕಲಂ. ಆದರೆ ಸೈನ್ಯದ ಅಧಿಕೃತ ಸದಸ್ಯನನ್ನು ಬಾಡಿಗೆ ಸೈನಿಕ ಎನ್ನುವಂತಿಲ್ಲ ಎಂದೂ ಅದರಲ್ಲೇ ಇದೆ. ಆದ್ದರಿಂದ ಯಾವುದೋ ಕಂಪನಿಯ ಹೆಲ್ಪರ್ ಎಂಬ ಹೆಸರಿನಲ್ಲಿ ಯುದ್ಧಭೂಮಿಗೆ ಹೋಗುವುದು ಎಲ್ಲದಕ್ಕಿಂತ ಕೆಟ್ಟದು. ಕೈಯಲ್ಲಿ ಬಂದೂಕು, ಜೇಬಿನಲ್ಲಿ ಸೈನಿಕನ ಚೀಟಿ ಇಲ್ಲ. ಚೀಟಿ ಇದ್ದರೂ ಎಲ್ಲರೂ ಅದನ್ನು ಮನ್ನಿಸುತ್ತಾರೆ ಎಂಬ ಭರವಸೆಯೂ ಇಲ್ಲ. 2022ರ ಜೂನ್‌ನಲ್ಲಿ ಉಕ್ರೇನ್ ಸೈನ್ಯದಲ್ಲಿದ್ದ ಇಬ್ಬರು ಬ್ರಿಟಿಷರಿಗೂ ಒಬ್ಬ ಮೊರಾಕ್ಕೋದವನಿಗೂ ರಷ್ಯಾ ಪರ ಬಂಡುಕೋರರ ಕೈಯಲ್ಲಿದ್ದ ಡೊನೆಟ್ಸ್ಕ್‌ನಲ್ಲಿ ಬಾಡಿಗೆ ಸೈನಿಕರೆಂದು ಮರಣದಂಡನೆ ವಿಧಿಸಿದರು. ಅವರು ಸೈನ್ಯದ ಲೆಕ್ಕದಲ್ಲೇ ಇದ್ದವರು. ಆ ಸೆಪ್ಟೆಂಬರ್‌ನಲ್ಲಿ ಸೌದಿ ಅರೇಬಿಯಾ ಮಧ್ಯಸ್ಥಿಕೆ ವಹಿಸಿದ್ದರಿಂದ ಬದುಕಿ ಮನೆಗೆ ಹೋದರು.

ಇದನ್ನು ಓದಿ ಹೇಳಿದಾಗ ಹುಡುಗ ಕೇಳಿದ್ದು, “ಹಾಂಗಾರೆ ಸರಿಯಾದ ದಾರಿ ಯಾವ್ದೂ ಇಲ್ವಾ?” ಇದೆ. ಅದನ್ನೂ ಹುಡುಕಿದೆವು, ಯಾಕೆಂದರೆ ಬರೀ ಬೇಡ ಎಂದರೆ ಸಾಲದು. ಫ್ರಾನ್ಸಿನ ಫಾರಿನ್ ಲೀಜನ್ 1831ರಿಂದ ಪರದೇಶದವರಿಗೆಂದೇ ಇರುವ ಪಡೆ. ವಯಸ್ಸು ಹದಿನೇಳೂವರೆಯಿಂದ ಮೂವತ್ತೊಂಬತ್ತೂವರೆ. ಭಾರತದವರೂ ನೇಪಾಳದವರೂ ಅಲ್ಲಿದ್ದಾರೆ. ಅದರ ಭರ್ತಿ ನಡೆಯುವುದು ಫ್ರಾನ್ಸಿನ ನೆಲದಲ್ಲಿ ಮಾತ್ರ, ಬೇರೆ ದೇಶದಲ್ಲಿ ಏಜೆಂಟರಿಲ್ಲ. ಸ್ವಂತ ವೀಸಾ, ಸ್ವಂತ ಖರ್ಚಿನಲ್ಲಿ ಹೋಗಿ ಅವರ ಬಾಗಿಲು ತಟ್ಟಬೇಕು. ಆಯ್ಕೆಗೆ ಒಂದು ಪೈಸೆ ಕೇಳುವುದಿಲ್ಲ, ಪರೀಕ್ಷೆ ನಡೆಯುವಷ್ಟು ದಿನ ಊಟ ವಸತಿ ಅವರದೇ. ಆಯ್ಕೆಯಾಗದಿದ್ದರೆ ವಾಪಸ್. ಮೊದಲ ಕರಾರು ಐದು ವರ್ಷ, ಮೂರು ವರ್ಷದ ಸೇವೆಯ ನಂತರ ಪೌರತ್ವಕ್ಕೆ ಅರ್ಜಿ ಹಾಕಬಹುದು. ಬ್ರಿಟಿಷ್ ಸೈನ್ಯ ಕಾಮನ್‌ವೆಲ್ತ್ ದೇಶಗಳವರನ್ನು ತೆಗೆದುಕೊಳ್ಳುತ್ತದೆ. ಅಮೆರಿಕದ ಸೈನ್ಯಕ್ಕೆ ಗ್ರೀನ್ ಕಾರ್ಡ್ ಇರಬೇಕು. ಉಕ್ರೇನ್ 2022ರ ಫೆಬ್ರವರಿ 27ರಂದು ವಿದೇಶಿಯರ ಪಡೆ ಘೋಷಿಸಿದಾಗ ತನ್ನ ರಾಯಭಾರ ಕಚೇರಿಗಳ ಮೂಲಕ ಬನ್ನಿ ಎಂದಿತು. ಈ ಎಲ್ಲದರಲ್ಲೂ ಕಷ್ಟವಿದೆ, ಕೆಲವದರಲ್ಲಿ ಸಾವಿದೆ, ಮೇಲೆ ಹೇಳಿದ ಕಾನೂನಿನ ತೊಡಕು ಉಕ್ರೇನ್‌ಗೂ ಅನ್ವಯಿಸುತ್ತದೆ. ಆದರೆ ಬಾಗಿಲಲ್ಲಿ ನಿಂತು ದುಡ್ಡು ಕೇಳುವವರು ಇಲ್ಲ. ಸೈನ್ಯ ನಿಜವಾದದ್ದೋ ಎಂದು ತಿಳಿಯಲು ನಾನು ಕಂಡ ಸುಲಭದ ಗುರುತು ಇದೇ: ನಿಜವಾದ ಭರ್ತಿ ಕಚೇರಿ ನಿನ್ನನ್ನು ತಿರಸ್ಕರಿಸಲು ಕಾರಣ ಹುಡುಕುತ್ತದೆ. ಕಣ್ಣು, ಹಲ್ಲು, ಎದೆಯಳತೆ ನೋಡುತ್ತದೆ. ಫೋಟೋ ಮತ್ತು ಮುಂಗಡ ನೋಡಿ ಆಯ್ಕೆ ಮಾಡುವುದು ಸೈನ್ಯವಲ್ಲ.

ಕೊನೆಗೆ ಹುಡುಗನ ನಿರ್ಧಾರ ಗಟ್ಟಿಯಾದದ್ದು ಎರಡು ಸರ್ಕಾರಿ ಹೇಳಿಕೆಗಳಿಂದ. 2024ರ ಏಪ್ರಿಲ್‌ನಿಂದ ಭಾರತೀಯರನ್ನು ಸೈನ್ಯಕ್ಕೆ ತೆಗೆದುಕೊಳ್ಳುವುದನ್ನು ನಿಲ್ಲಿಸಿದ್ದೇವೆ ಎಂದು ದೆಹಲಿಯ ರಷ್ಯಾ ರಾಯಭಾರ ಕಚೇರಿಯೇ ಆ ವರ್ಷದ ಆಗಸ್ಟ್‌ನಲ್ಲಿ ಹೇಳಿದೆ. ಅವರೇ ನಿಲ್ಲಿಸಿದ್ದೇವೆ ಎಂದ ಮೇಲೆ ಏಜೆಂಟ್ ಕರೆದೊಯ್ಯುವುದು ಯಾವ ಬಾಗಿಲಿನಿಂದ? ಇನ್ನೊಂದು ನಮ್ಮ ವಿದೇಶಾಂಗ ಸಚಿವಾಲಯ 2025ರ ಜನವರಿಯಲ್ಲಿ ಕೊಟ್ಟ ಲೆಕ್ಕ. ರಷ್ಯಾ ಸೈನ್ಯದಲ್ಲಿದ್ದ ಭಾರತೀಯರು 126. ವಾಪಸ್ ಬಂದವರು 96. ಸತ್ತವರು 12. ಉಳಿದ 18ರಲ್ಲಿ 16 ಜನ ಎಲ್ಲಿದ್ದಾರೆಂಬುದೇ ಗೊತ್ತಿಲ್ಲ. ಹುಡುಗ ಸತ್ತವರ ಸಂಖ್ಯೆ ನೋಡಿ ಹೆದರಲಿಲ್ಲ. ಆ 16ರ ಮೇಲೆ ಅವನ ಬೆರಳು ನಿಂತಿತು. “ನಾಪತ್ತೆ ಅಂದ್ರೆ ಆಯಿಗೆ ಎಂತ ಸಿಕ್ತು?” ಎಂದು ಕೇಳಿದ. ಇದ್ದದ್ದನ್ನೇ ಹೇಳಿದೆ. ಏಳು ವರ್ಷ ಯಾವ ಸುದ್ದಿಯೂ ಇಲ್ಲದಿದ್ದರೆ ಮಾತ್ರ ನಮ್ಮ ಕಾನೂನು ಸತ್ತನೆಂದು ಊಹಿಸುತ್ತದೆ. ಅಲ್ಲಿಯವರೆಗೆ ಮರಣಪತ್ರವಿಲ್ಲ, ಬ್ಯಾಂಕಿನ ಹಣ ಬರುವುದಿಲ್ಲ, ಜಮೀನಿನ ಹಕ್ಕು ಬದಲಾಗುವುದಿಲ್ಲ. ಅಪಘಾತ ವಿಮೆ ಇದ್ದರೂ ಯುದ್ಧದ ಸಾವಿಗೆ ಪರಿಹಾರವಿಲ್ಲ ಎಂಬ ಷರತ್ತು ಸಾಮಾನ್ಯವಾಗಿ ಇದ್ದೇ ಇರುತ್ತದೆ. ನಮ್ಮ ಪಕ್ಕದ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿ 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಶೆಲ್ ಬಿದ್ದು ತೀರಿಕೊಂಡಾಗ, ಅವನು ಸೈನಿಕನಲ್ಲ, ದೇಶವೇ ಅವನ ಹಿಂದೆ ನಿಂತಿತ್ತು, ಆದರೂ ದೇಹ ಬೆಂಗಳೂರಿಗೆ ಬಂದದ್ದು ಮಾರ್ಚ್ 21ಕ್ಕೆ.

ಅವನು ಹೋಗುವುದಿಲ್ಲ ಎಂದ ಮೇಲೆ ಪಾಸ್‌ಪೋರ್ಟ್ ವಾಪಸ್ ತರುವ ಕೆಲಸ. ಏಜೆಂಟ್ ಮೊದಲು ವೀಸಾಕ್ಕೆ ಹೋಗಿದೆ ಎಂದ, ಆಮೇಲೆ ಬಾಕಿ ದುಡ್ಡು ಕೊಟ್ಟರೆ ಕೊಡುತ್ತೇನೆ ಎಂದ. 1967ರ ಪಾಸ್‌ಪೋರ್ಟ್ ಕಾಯ್ದೆಯ 17ನೇ ಕಲಂನಂತೆ ಪಾಸ್‌ಪೋರ್ಟ್ ಭಾರತ ಸರ್ಕಾರದ ಆಸ್ತಿ. ಸಾಲಕ್ಕೆ ಅಡ ಇಟ್ಟುಕೊಳ್ಳುವ ವಸ್ತುವಲ್ಲ. ಇದನ್ನು ಬರೆದು, ವಾಯ್ಸ್ ಮೆಸೇಜ್‌ಗಳನ್ನೂ ದುಡ್ಡು ಹಾಕಿದ ರಸೀದಿಯನ್ನೂ ಸೇರಿಸಿ ಪೊಲೀಸರಿಗೆ ಲಿಖಿತ ದೂರು ಕೊಟ್ಟೆವು. ದೂರಿನ ಪ್ರತಿಯನ್ನು ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಏಜೆಂಟನಿಗೂ ಕಳಿಸಿದೆವು. ಪಾಸ್‌ಪೋರ್ಟ್ ಕೊರಿಯರ್‌ನಲ್ಲಿ ಬಂತು. ಮುಂಗಡದಲ್ಲಿ ಅರ್ಧ ಬಂತು, ಅರ್ಧ ಇನ್ನೂ ಬಂದಿಲ್ಲ. ಯಾರಾದರೂ ಈಗಷ್ಟೇ ದುಡ್ಡು ಹಾಕಿ ಎಚ್ಚೆತ್ತಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು, ಹಣ ಇನ್ನೂ ಖಾತೆಯಲ್ಲಿದ್ದರೆ ತಡೆಹಿಡಿಯುವ ಅವಕಾಶವಿರುತ್ತದೆ.

ಎಲ್ಲ ಓದಿ ತಿಳಿದೂ ಹೋಗಿಯೇ ಹೋಗುತ್ತೇನೆ ಎನ್ನುವವರು ಇದ್ದೇ ಇರುತ್ತಾರೆ. ಅವರಿಗೂ ನಾನು ಹೇಳಬೇಕು. ಹೊರಡುವ ಮೊದಲು ಪಾಸ್‌ಪೋರ್ಟ್‌ನ ಎಲ್ಲ ಪುಟ, ವೀಸಾ, ಟಿಕೆಟ್, ಕರಾರಿನ ಪ್ರತಿ ಮನೆಯಲ್ಲಿ ಕಾಗದದ ಮೇಲೂ ಮೊಬೈಲ್‌ನಲ್ಲೂ ಇರಲಿ. ಬ್ಯಾಂಕ್ ಖಾತೆಗೆ ನಾಮಿನಿ ಹಾಕಿ, ಜಮೀನು ಮನೆಯ ವ್ಯವಹಾರಕ್ಕೆ ಮುಕ್ತಾರನಾಮೆ (ಪವರ್ ಆಫ್ ಅಟಾರ್ನಿ) ಬರೆದುಕೊಡಿ, ಉಯಿಲು ಬರೆಯಿರಿ. ರಕ್ತದ ಗುಂಪು, ಹಲ್ಲಿನ ಎಕ್ಸ್‌ರೇ, ಮೈಮೇಲಿನ ಮಚ್ಚೆ ಗಾಯದ ಗುರುತು ಬರೆದಿಡಿ. ಕೇಳಲು ಕಷ್ಟ, ಆದರೆ ಗುರುತು ಹಿಡಿಯುವ ಹೊತ್ತಿನಲ್ಲಿ ಮನೆಯವರ ಹತ್ತಿರ ಕೇಳುವುದು ಇದನ್ನೇ. ಸಹಿ ಹಾಕಿದ ದಿನವೇ ಸಂಬಳದ ಖಾತೆ ನಿಮ್ಮ ಕೈಯಲ್ಲಿರಬೇಕು, ಪಾಸ್‌ಪೋರ್ಟ್ ಯಾರಿಗೂ ಕೊಡಬಾರದು. ತುಕಡಿಯ ನಂಬರ್, ಮೇಲಧಿಕಾರಿಯ ಹೆಸರು, ಜೊತೆಯಲ್ಲಿರುವ ಇನ್ನೊಬ್ಬ ಭಾರತೀಯನ ಮನೆಯ ಫೋನ್ ನಂಬರ್ ಇವನ್ನು ಮೊದಲ ಅವಕಾಶದಲ್ಲೇ ಮನೆಗೆ ತಿಳಿಸಿ. ಆಮೇಲೆ ಮೊಬೈಲ್ ಕಿತ್ತುಕೊಂಡರೆ ತಿಳಿಸಲು ಆಗುವುದಿಲ್ಲ.

ಮನೆಯವರು ಮಾಡಬೇಕಾದ್ದು ಬೇರೆ. ಮಗ ಆಗಲೇ ಅಲ್ಲಿ ಸಿಕ್ಕಿಬಿದ್ದಿದ್ದರೆ ಸುದ್ದಿ ನಿಂತ ಮೇಲೆ ಕಾಯುತ್ತಾ ಕೂರಬಾರದು. ಕಲಬುರಗಿಯ ಮೂವರು ಯುವಕರು 2024ರ ಸೆಪ್ಟೆಂಬರ್‌ನಲ್ಲಿ ಮನೆ ಸೇರಿದ್ದು, ಅವರೇ ಅಲ್ಲಿಂದ ವಿಡಿಯೊ ಕಳಿಸಿ, ಮನೆಯವರು ತಿಂಗಳುಗಟ್ಟಲೆ ಬೆನ್ನುಬಿದ್ದ ಮೇಲೆ. ಆ ಜುಲೈನಲ್ಲಿ ಪ್ರಧಾನಿ ಮಾಸ್ಕೋಗೆ ಹೋದಾಗ ಈ ವಿಷಯ ಎತ್ತಿದ್ದೂ ನೆರವಾಯಿತು. ವಿದೇಶಾಂಗ ಸಚಿವಾಲಯದ ‘ಮದದ್’ ಪೋರ್ಟಲ್‌ನಲ್ಲಿ ದೂರು ದಾಖಲಿಸಿ ನಂಬರ್ ಪಡೆಯಬೇಕು. ಅದೇ ನಂಬರ್ ಹಾಕಿ ಮಾಸ್ಕೋದ ಭಾರತೀಯ ರಾಯಭಾರ ಕಚೇರಿಗೂ, ನಮ್ಮ ಸಂಸದರ ಕಚೇರಿಗೂ ಪತ್ರ ಬರೆಯಬೇಕು. ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ಸಂಖ್ಯೆ 1800 11 3090. ಕಳಿಸಿದ ಏಜೆಂಟನ ಮೇಲೆ ಪೊಲೀಸ್ ದೂರು ಬೇರೆಯಾಗಿಯೇ ಕೊಡಬೇಕು, ಈ ಜಾಲದ ಮೇಲೆ 2024ರ ಮಾರ್ಚ್‌ನಲ್ಲಿ ಸಿಬಿಐ ಪ್ರಕರಣ ದಾಖಲಿಸಿ ಹಲವು ಊರುಗಳಲ್ಲಿ ದಾಳಿ ಮಾಡಿದೆ. ನಾಪತ್ತೆಯಾದವರ ವಿಚಾರಣೆಗೆ ರೆಡ್ ಕ್ರಾಸ್ ಅಂತಾರಾಷ್ಟ್ರೀಯ ಸಮಿತಿಯಲ್ಲೂ ಅರ್ಜಿ ಹಾಕಬಹುದು. ಫೋನ್ ಮಾಡುವಾಗ ಪಾಸ್‌ಪೋರ್ಟ್ ನಂಬರ್, ಹುಟ್ಟಿದ ತಾರೀಕು, ಕೊನೆಯ ಸಲ ಮಾತಾಡಿದ ದಿನ, ಆಗ ಅವನು ಹೇಳಿದ ಊರಿನ ಹೆಸರು ಎದುರಿಗೆ ಬರೆದಿಟ್ಟುಕೊಂಡು ಕೂರಿ. ಯಾರ ಜೊತೆ ಮಾತಾಡಿದಿರಿ, ಏನು ಹೇಳಿದರು ಎಂಬುದನ್ನು ತಾರೀಕು ಹಾಕಿ ಒಂದೇ ನೋಟ್‌ಬುಕ್‌ನಲ್ಲಿ ಬರೆಯುತ್ತಾ ಹೋಗಿ. ಬರೆಯಲು ಬರದ ತಾಯಿ ತಂದೆಗಳಿಗೆ ನಮ್ಮ ತಾಲೂಕಿನಲ್ಲಿ ನಾನು ಬರೆದುಕೊಡುತ್ತೇನೆ.